ಹತ್ತನೆಯ ದಿನ ತೆರೆದ ಬಾಗಿಲು

ಸಮೀಹಾ ದುಬೈಯ ದೇರಾದಿಂದ ಓಡಿಬಂದ ದಿನ ಅವಳ ಎಡಗಿವಿಯ ಹಾಲೆ ಅರ್ಧ ಹರಿದು ನೇತಾಡುತ್ತಿತ್ತು. ಓಲೆ ಹಿಡಿದು ಎಳೆದದ್ದು. ಎಳೆದವನು ಗಂಡ ಫೈಝಲ್. ಓಲೆ ಅವನ ಕೈಯಲ್ಲೇ ಉಳಿಯಿತು. ಇವಳು ಕಿವಿಗೆ ಟಿಶ್ಯೂ ಒತ್ತಿ, ಮೇಲಿಂದ ಶಾಲು ಬಿಗಿದು, ಬಸ್ಸು ಹತ್ತಿ ಎರಡು ಗಂಟೆ ಕೂತು ಅಬುಧಾಬಿಗೆ ಬಂದಳು. ಪಕ್ಕದ ಸೀಟಿನ ಫಿಲಿಪಿನೋ ಹುಡುಗಿ ಎರಡು ಸಲ ಕೇಳಿದಳಂತೆ, ಆರ್ ಯೂ ಓಕೆ ಎಂದು. ಎರಡು ಸಲವೂ ಇವಳು ಓಕೆ ಅಂದಳಂತೆ. ಹೆಂಗಸರು ಓಕೆ ಅಂದದ್ದನ್ನು ನಂಬುವ ವಯಸ್ಸು ಅಲ್ಲಿ ಅವಳಿಗೆ ಬಾಗಿಲು ತೆರೆದ ಮೆಟಿಲ್ಡಾಳಿಗೆ ಎಂದೋ ದಾಟಿತ್ತು.

ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಬಿಲ್ಡಿಂಗ್, ಏಳನೆಯ ಮಾಳಿಗೆ, ಫ್ಲ್ಯಾಟ್ ನಂಬರು ಏಳುನೂರ ಮೂರು. ಎರಡು ಕೋಣೆ, ಒಂದು ಹಾಲ್. ಹಾಲಿಗೆ ಪ್ಲೈವುಡ್ ಹೊಡೆಸಿ ಮೂರು ಪಾಲು ಮಾಡಿ, ಒಟ್ಟು ಎಂಟು ಹೆಂಗಸರು ಅಲ್ಲಿದ್ದರು. ಫ್ಲ್ಯಾಟ್ ಇದ್ದದ್ದು ಮೆಟಿಲ್ಡಾಳ ಹೆಸರಿನಲ್ಲಿ. ಶಿರ್ವದ ಕಡೆಯವಳು, ಐವತ್ತಾರು ವಯಸ್ಸು, ಗಂಡ ತೀರಿಹೋದ ವರ್ಷವೇ ಈ ದೇಶಕ್ಕೆ ಬಂದವಳು. ಅಡುಗೆಯ ಸರದಿ, ಬಾತ್‌ರೂಮಿನ ಸರದಿ, ಜಗಳದ ತೀರ್ಪು ಎಲ್ಲ ಅವಳದು. ಗಟ್ಟಿ ನಿಯಮ ಒಂದೇ. ಗಂಡಸು ಅಣ್ಣನೇ ಇರಲಿ, ಪಾದ್ರಿಯೇ ಇರಲಿ, ಹೊಸಿಲು ದಾಟುವ ಹಾಗಿಲ್ಲ. ಕೆಳಗಿನ ವಾಚ್‌ಮನ್ ಆ ಮನೆಯನ್ನು ಕಾನ್ವೆಂಟ್ ಎಂದೇ ಕರೆಯುತ್ತಿದ್ದ.

ಆ ಕಾನ್ವೆಂಟಿಗೆ ಒಂದು ಕೊರತೆಯಿತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನ ಇರುವುದು ಕಾನೂನಿಗೆ ಒಪ್ಪುವ ಕೆಲಸವಲ್ಲ. ಸಿಕ್ಕಿಬಿದ್ದರೆ ಎಂಟೂ ಜನ ಬೀದಿಗೆ. ಹಾಗಾಗಿ ಯಾರಾದರೂ ಬಾಗಿಲು ಬಡಿದರೆ ಒಳಗೆ ಎಲ್ಲರ ಎದೆಯೂ ಧಸಕ್ಕೆನ್ನುತ್ತಿತ್ತು.

ಸಮೀಹಾಳಿಗೆ ಆ ವಿಳಾಸ ಕೊಟ್ಟವಳು ಆ ಎಂಟು ಜನರಲ್ಲಿ ಒಬ್ಬಳಾದ ಲವಿಟಾ. ಇಬ್ಬರೂ ಹಿಂದೆ ದೇರಾದ ಒಂದು ಕ್ಲಿನಿಕ್ಕಿನಲ್ಲಿ ಒಂದೇ ಕೌಂಟರಿನಲ್ಲಿ ಕೂತವರು. ಮೆಟಿಲ್ಡಾ ಕಿವಿ ತೊಳೆದು, ಹತ್ತಿ ಇಟ್ಟು, ಮೂರೇ ಪ್ರಶ್ನೆ ಕೇಳಿದಳು.

"ಮಕ್ಕಳುಂಟಾ?"

"ಇಲ್ಲ ಬಾಯಮ್ಮ. ಒಂದು ನಿಂತಿತ್ತು. ಒದ್ದು ತೆಗೆದ."

"ಪಾಸ್‌ಪೋರ್ಟ್?"

"ಅವರ ಹತ್ತಿರ."

"ವಾಪಸ್ ಹೋಗುವ ಮನಸ್ಸುಂಟಾ?"

"ಹೋದರೆ ಈ ಸಲ ಸಾಯ್ತೇನೆ," ಅಂದಳು ಸಮೀಹಾ. ಹೆದರಿಕೆಯ ಮಾತಿನ ಹಾಗಿರಲಿಲ್ಲ, ಬಸ್ಸಿನ ಸಮಯ ಹೇಳಿದ ಹಾಗಿತ್ತು.

ಲೂರ್ದ್ ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲ ಕೇಳುತ್ತಿದ್ದಳು. ಅವಳು ಹೋಟೆಲಿನ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಚಾದರ ಇಸ್ತ್ರಿ ಮಾಡಿದವಳು, ತೋಳು ಒನಕೆಯಂತೆ. ಬಾಯಿ ಅದಕ್ಕಿಂತ ಗಟ್ಟಿ. "ಎಂತ ಮಾರಾಯ್ತಿ, ಒಂಬತ್ತನೆಯವಳಿಗೆ ಜಾಗ ಎಲ್ಲುಂಟು? ನಾಳೆ ಅವಳ ಗಂಡ ಬಂದ್ರೆ? ಅವನ ಹಿಂದೆ ಪೊಲೀಸು ಬಂದ್ರೆ?"

"ನನ್ನ ಮಂಚದ ಪಕ್ಕ ಚಾಪೆ ಹಾಕ್ತೇನೆ."

"ಚಾಪೆ ಹಾಕು. ಕಂಪ್ಲೇಂಟ್ ಮಾತ್ರ ಬೇಡ. ಪೊಲೀಸು ಬಂದು ಮಂಚ ಎಣಿಸಿದ್ರೆ ನಾವು ಎಂಟು ಜನ ಖಲಾಸ್."

ಅದಕ್ಕೆ ಮೆಟಿಲ್ಡಾ ಹೂಂ ಅಂದಳು. ಸಮೀಹಾ ಕೂಡ ಹೂಂ ಅಂದಳು. ಕ್ಲಿನಿಕ್ಕಿನಲ್ಲಿ ಕಿವಿಗೆ ಹೊಲಿಗೆ ಹಾಕಿಸುವಾಗ ಮೆಟ್ಟಿಲಿನಿಂದ ಬಿದ್ದೆ ಎಂದು ಸುಳ್ಳು ಹೇಳಿದ್ದೂ ಅದಕ್ಕಾಗಿಯೇ.

ಮೆಟಿಲ್ಡಾಳ ಕೆಲಸ ಅದೇ ಊರಿನ ಖಾಲಿದಿಯಾ ಬಡಾವಣೆಯಲ್ಲಿ. ಅಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರನ ತಾಯಿ, ಎಂಬತ್ತನಾಲ್ಕರ ಮುದುಕಿ. ಅವಳನ್ನು ಎಬ್ಬಿಸಿ, ತೊಳೆಸಿ, ಮಾತ್ರೆ ಕೊಟ್ಟು, ಸಂಜೆಯವರೆಗೆ ನೋಡಿಕೊಳ್ಳುವುದು. ಮೇಡಂ ಒಂದು ಕಾಲದಲ್ಲಿ ಕಾಲೇಜಿನಲ್ಲಿ ಪಾಠ ಹೇಳಿದವಳು. ಇಂಗ್ಲೆಂಡಿನ ಉತ್ತರದ ಕಡೆ ಹಾಳುಬಿದ್ದ ಒಂದು ಬೆನೆಡಿಕ್ಟೈನ್ ಮಠ, ಮಾದ್ರಿಗಳ ಮಠ, ಅದರ ಚರಿತ್ರೆ ಬರೆಯುವುದೇ ಅವಳ ಜೀವಮಾನದ ಕೆಲಸ. ಕೊಂಕಣಿಯವರು ಕನ್ಯಾಸ್ತ್ರೀಯರಿಗೆ ಮಾದ್ರಿ ಅನ್ನುತ್ತಾರೆ. ಮೇಡಂನ ಕಣ್ಣು ಮಂಜಾಗಿ, ಕೈ ನಡುಗಲು ಶುರುವಾದ ಮೇಲೆ ಅವಳು ಹೇಳುವುದು, ಮೆಟಿಲ್ಡಾ ರೆಕಾರ್ಡರಿನ ಗುಂಡಿ ಒತ್ತುವುದು. ಹೇಳಿದ್ದು ಸರಿಯಾಗದಿದ್ದರೆ ಮತ್ತೆ ಕೇಳಿಸಿ, ಮತ್ತೆ ಹೇಳಿಸುವುದು. ಹೀಗೆ ಪ್ರತಿಯೊಂದನ್ನೂ ಮೂರು ಮೂರು ಸಲ ಕೇಳಿ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೆಟಿಲ್ಡಾಳಿಗೆ ಎಂಟುನೂರು ವರ್ಷ ಹಿಂದಿನ ಮಾದ್ರಿಗಳು ನೆರೆಮನೆಯವರಷ್ಟು ಪರಿಚಯವಾಗಿಬಿಟ್ಟಿದ್ದರು. ಯಾರಿಗೆ ಮೊಣಕಾಲು ನೋವು, ಯಾರು ಕದ್ದು ಚೀಸು ತಿನ್ನುತ್ತಿದ್ದರು ಎಲ್ಲ ಗೊತ್ತು.

ಸಂಜೆ ಊಟಕ್ಕೆ ಕೂತಾಗ ಅದನ್ನೇ ಅವಳು ಹೇಳುತ್ತಿದ್ದಳು. ಧಾರಾವಾಹಿ ನೋಡುವುದನ್ನು ಬಿಟ್ಟು ಎಲ್ಲರೂ ಅದನ್ನು ಕೇಳುತ್ತಿದ್ದರು. ಸಮೀಹಾಳಿಗೆ ಕೊಂಕಣಿ ಬಾರದ್ದರಿಂದ ಈಗ ಕತೆ ಕನ್ನಡಕ್ಕೆ ತಿರುಗಿತು.

"ಆ ಮಠದ ಬಾಗಿಲಲ್ಲಿ ಯಾವಾಗಲೂ ಒಬ್ಬಳು ಮುದುಕಿ ಮಾದ್ರಿ ಕೂತಿರಬೇಕು," ಎಂದು ಶುರುಮಾಡಿದಳು ಮೆಟಿಲ್ಡಾ. "ಅದು ಸಂತ ಬೆನೆಡಿಕ್ಟರ ಕಟ್ಟಳೆ. ಯಾರು ಬಾಗಿಲು ಬಡಿದ್ರೂ, ಯಾರು ಅಂತ ಕೇಳುವ ಮೊದಲೇ, ದೇವರಿಗೆ ಸ್ತೋತ್ರ ಅಂತ ಹೇಳಬೇಕು. ಬಂದವರು ಸಾಕ್ಷಾತ್ ಯೇಸು ಅಂತಲೇ ಒಳಗೆ ಕರೀಬೇಕು."

"ಒಳ್ಳೇದಾಯ್ತು," ಅಂದಳು ಲೂರ್ದ್. "ಕಳ್ಳ ಬಂದ್ರೆ?"

"ಬಂದ್ರು. ಸಮುದ್ರದಿಂದ ಬಂದ್ರು, ದೋಣಿಯಲ್ಲಿ. ಮುಂದೆ ಒಬ್ಬ ಕುಂಟ ಭಿಕ್ಷುಕನನ್ನು ಬಿಟ್ಟು ಬಾಗಿಲು ಬಡಿಸಿದ್ರು. ಮುದುಕಿ ದೇವರಿಗೆ ಸ್ತೋತ್ರ ಅಂತ ಅಗುಳಿ ತೆಗೆದಳು. ಮೊದಲು ಅವಳನ್ನೇ ಕೊಡಲಿಯಲ್ಲಿ ಕಡಿದ್ರು. ಅಗುಳಿ ಹಿಡಿದಿದ್ದ ಕೈ ಅಗುಳಿಯಲ್ಲೇ ಉಳೀತು. ಆಮೇಲೆ ಇಗರ್ಜಿಯ ಒಳಗೆ ಹನ್ನೊಂದು ಮಾದ್ರಿಗಳನ್ನು ಕೂಡಿಹಾಕಿ, ಮಾಡಿಗೆ ಬೆಂಕಿ ಇಟ್ರು. ಕಿಟಕಿಯಿಂದ ಹಾರಿದವರನ್ನು ಭಲ್ಲೆಯಲ್ಲಿ ಎತ್ತಿ ಪುನಃ ಒಳಗೆ ಹಾಕಿದ್ರಂತೆ. ಮೇಡಂ ಇದನ್ನು ಹೇಳುವಾಗ ಟೀ ಕುಡೀತಾ ಇದ್ರು."

ಅನ್ನ ಕಲಸುತ್ತಿದ್ದ ಕೈಗಳು ನಿಂತವು. ಮಠವನ್ನು ಕಟ್ಟಲು ಮತ್ತೆ ನೂರು ವರ್ಷ ಬೇಕಾಯಿತು ಎಂದು ಹೇಳಿ ಮೆಟಿಲ್ಡಾ ಆ ದಿನದ ಕತೆ ಮುಗಿಸಿದಳು.

ಮಾರನೆಯ ದಿನದಿಂದ ಫೈಝಲನ ಫೋನು ಶುರುವಾಯಿತು. ಒಂದೊಂದು ಸಲ ಒಂದೊಂದು ನಂಬರು. ಮೊದಲು ಅಳುತ್ತಿದ್ದ, ಆಮೇಲೆ ಬಯ್ಯುತ್ತಿದ್ದ. ದೇರಾದಲ್ಲಿ ಅವನದು ಮೊಬೈಲ್ ಕವರುಗಳ ಅಂಗಡಿ. ಗಿರಾಕಿಗಳ ಮುಂದೆ ಜೇನಿನಂತೆ ಮಾತಾಡುವವನು ಎಂದು ಸಮೀಹಾಳೇ ಹೇಳಿದ್ದಳು. ಗುರುವಾರ ಬೆಳಿಗ್ಗೆ ಅವನೇ ಬಂದ. ಲವಿಟಾ ಈಗ ಅಬುಧಾಬಿಯಲ್ಲಿ ಕೆಲಸ ಮಾಡುವ ಕ್ಲಿನಿಕ್ಕಿನಿಂದ ಅವಳನ್ನು ಹಿಂಬಾಲಿಸಿ ಬಿಲ್ಡಿಂಗ್ ಪತ್ತೆ ಮಾಡಿದ್ದನಂತೆ. ವಾಚ್‌ಮನ್ ಚಹಾಕ್ಕೆ ಹೋದ ಹೊತ್ತು ನೋಡಿ ಮೇಲೆ ಹತ್ತಿ, ಅರ್ಧ ಗಂಟೆ ಬಾಗಿಲಿಗೆ ಒದ್ದ. ಒಳಗಿನಿಂದ ಮೆಟಿಲ್ಡಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದೊಂದು ಒದೆತವೂ ಅವಳ ಬೆನ್ನುಮೂಳೆಗೆ ಇಳಿಯುತ್ತಿತ್ತು.

"ಅವಳನ್ನು ಹೊರಗೆ ಹಾಕಿ," ಎಂದ ಅವನು, ಸುಸ್ತಾದ ಮೇಲೆ ಬಾಗಿಲ ಸಂದಿಗೆ ಬಾಯಿಟ್ಟು. "ನನ್ನ ಹೆಂಡತಿ, ನಾನು ಕೊಂದ್ರೂ ನನ್ನದು. ಪೊಲೀಸಿಗೆ ಫೋನ್ ಮಾಡ್ತೀರಾ? ಮಾಡಿ ಬಾಯಮ್ಮ, ಮಾಡಿ. ಬಂದವರು ಮೊದಲು ನಿಮ್ಮ ಮಂಚ ಎಣಿಸ್ತಾರೆ."

ಅವನಿಗೂ ಗೊತ್ತಾಗಿತ್ತು. ಅವನು ಇಳಿದುಹೋದ ಮೇಲೆ ಎಂಟು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಮೀಹಾ ತನ್ನ ಚಾಪೆ ಸುತ್ತಿ ಕಟ್ಟಿದಳು. ಮೆಟಿಲ್ಡಾ ಅದನ್ನು ಬಿಚ್ಚಿ ಮತ್ತೆ ಹಾಸಿದಳು.

ಮೇಡಂ ಆ ವಾರ ಹೇಳುತ್ತಿದ್ದದ್ದು ಮಠದ ಎರಡನೆಯ ಕೇಡಿನ ಕತೆ. ಕೇಳುತ್ತ ಕೇಳುತ್ತ ಮೆಟಿಲ್ಡಾ ಎರಡು ಸಲ ಗುಂಡಿ ಒತ್ತಲು ಮರೆತಳು. ಸಂಜೆ ಅದನ್ನು ಹೇಳಬಾರದು ಎಂದುಕೊಂಡೇ ಬಂದಿದ್ದಳು. ಕೇಳಿದವಳು ಸಮೀಹಾಳೇ. "ಬಾಯಮ್ಮ, ಮಠ ಪುನಃ ಕಟ್ಟಿದ ಮೇಲೆ ಎಂತ ಆಯ್ತು?"

"ಒಬ್ಬ ಸರದಾರನ ಹೆಂಡತಿ ಓಡಿಬಂದಳು," ಅಂದಳು ಮೆಟಿಲ್ಡಾ. "ದವಡೆ ಮುರಿದಿತ್ತು. ಮಾತಾಡಲಿಕ್ಕೆ ಆಗುದಿಲ್ಲ, ಗಂಜಿಯೂ ಇಳಿಯುದಿಲ್ಲ. ದೊಡ್ಡ ಮಾದ್ರಿ ಅವಳನ್ನು ಒಳಗೆ ಇಟ್ಟುಕೊಂಡಳು. ಮಾರನೇ ದಿನವೇ ಸರದಾರ ಮೂವತ್ತು ಕುದುರೆ ತಂದು ಮಠದ ಸುತ್ತ ನಿಲ್ಲಿಸಿದ. ದೊಡ್ಡ ಮಾದ್ರಿ ಒಂಬತ್ತು ದಿನ ಬಾಗಿಲು ತೆಗೀಲಿಲ್ಲ. ಹೊಳೆಗೆ ನೀರಿಗೆ ಹೋದ ಇಬ್ಬರು ಮಾದ್ರಿಗಳನ್ನು ಹಿಡಿದು, ಮೂಗು ಕೊಯ್ದು ಕಳಿಸಿದ. ಮತ್ತೊಬ್ಬಳನ್ನು ಬಾಗಿಲಿಗೆ ಎದುರಾಗಿ ಮರಕ್ಕೆ ಕಟ್ಟಿ, ಚಳಿಯಲ್ಲಿ ಬಿಟ್ಟ. ಎರಡು ದಿನ ಅವಳು ಕೂಗ್ತಾ ಇದ್ದಳಂತೆ. ಮೂರನೇ ದಿನ ಕೂಗು ನಿಂತಿತು. ಒಳಗೆ ನಲವತ್ತು ಜನ. ನೀರಿಲ್ಲ."

"ಆಮೇಲೆ?"

"ಹತ್ತನೇ ದಿನ ದೊಡ್ಡ ಮಾದ್ರಿ ಬಾಗಿಲು ತೆಗೆದು ಅವಳನ್ನು ಹೊರಗೆ ದೂಡಿದಳು. ಸರದಾರ ಕೂದಲನ್ನು ಕುದುರೆಯ ಜೀನಿಗೆ ಕಟ್ಟಿ ಎಳ್ಕೊಂಡು ಹೋದ. ಮೂರು ಮೈಲಿ. ಸತ್ತವರ ಪುಸ್ತಕದಲ್ಲಿ ಅವಳ ಹೆಸರೂ ಇಲ್ಲ. 'ಆ ಹೆಂಗಸು' ಅಂತ ಮಾತ್ರ ಬರೆದಿದ್ದಾರೆ."

"ಮಠ?" ಎಂದಳು ಲೂರ್ದ್.

"ಮಠ ಉಳೀತು. ಮತ್ತೆ ಮುನ್ನೂರು ವರ್ಷ."

ಲೂರ್ದ್ ತಟ್ಟೆ ಎತ್ತಿಕೊಂಡು ಎದ್ದಳು. "ನಲವತ್ತು ಜನರನ್ನು ನೋಡಬೇಕಲ್ಲ ಅವಳಾದ್ರೂ. ನಾನಾದ್ರೂ ಅದೇ ಮಾಡ್ತಿದ್ದೆ." ಹೇಳಿದ ಮೇಲೆ ಸಮೀಹಾ ಅಲ್ಲೇ ಕೂತಿದ್ದಾಳೆಂದು ನೆನಪಾಗಿ, ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಮೇಡಂ ಹೇಳಿದ ಇನ್ನೊಂದು ಮಾತನ್ನು ಮೆಟಿಲ್ಡಾ ಯಾರಿಗೂ ಹೇಳಿರಲಿಲ್ಲ. "ಮೂವತ್ತೊಂದು ವರ್ಷದಿಂದ ಇದನ್ನು ಬರೆಯುತ್ತಿದ್ದೇನೆ. ಪ್ರತಿ ಸಲವೂ ಈ ಸಲವಾದರೂ ಅವಳು ಬಾಗಿಲು ತೆಗೆಯದಿರಲಿ ಅನ್ನಿಸುತ್ತದೆ. ತೆಗೆದೇ ತೆಗೆಯುತ್ತಾಳೆ," ಎಂದಿದ್ದಳು ಮುದುಕಿ, ರೆಕಾರ್ಡರ್ ನಿಲ್ಲಿಸಿದ ಮೇಲೆ.

ಭಾನುವಾರ ಮೆಟಿಲ್ಡಾ ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಹನ್ನೊಂದು ದಾಟಿತ್ತು. ಐವರು ಡ್ಯೂಟಿಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ಮೆಟಿಲ್ಡಾ, ಲೂರ್ದ್, ಲವಿಟಾ, ಸಮೀಹಾ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ಸಮೀಹಾ ಸ್ನಾನಕ್ಕೆ ಹೋಗಿದ್ದಳು, ನೀರು ಬೀಳುವ ಸದ್ದು ಕೇಳುತ್ತಿತ್ತು. ಆಗ ಬಾಗಿಲ ಮೇಲೆ ಎರಡು ಬಡಿತ, ಮೆಲ್ಲಗೆ.

ಮೆಟಿಲ್ಡಾ ಬಾಗಿಲ ಕಣ್ಣಿನಿಂದ ನೋಡಿದಳು. ಕಪ್ಪು ಅಬಾಯ ತೊಟ್ಟ ವಯಸ್ಸಾದ ಹೆಂಗಸು, ಒಬ್ಬಳೇ. ಗೋಡೆ ಹಿಡಿದು ನಿಂತಿದ್ದಳು. ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಬಾಯಮ್ಮ, ನಾನು ಹಲೀಮ. ಫೈಝಲನ ಉಮ್ಮ. ಊರಿಂದ ಬಂದು ಎರಡು ದಿನ ಆಯ್ತು. ನಾನು ಜಗಳಕ್ಕೆ ಬಂದದ್ದಲ್ಲ, ಸೊಸೆಯನ್ನು ಒಮ್ಮೆ ನೋಡಿ ಹೋಗ್ತೇನೆ. ಲಿಫ್ಟ್ ನಿಂತಿದೆ, ಏಳು ಮಾಳಿಗೆ ಹತ್ತಿದೆ. ಶುಗರಿನವಳು. ಕಣ್ಣು ಕತ್ತಲೆ ಬರ್ತಾ ಉಂಟು. ಒಂದು ಗುಟುಕು ನೀರು."

ಹೇಳುತ್ತ ಹೇಳುತ್ತ ಅವಳು ಗೋಡೆಗುಂಟ ಜಾರಿ ನೆಲಕ್ಕೆ ಕೂತಳು. ಕೈಬೆರಳು ನಡುಗುತ್ತಿದ್ದವು. ಇದು ನಾಟಕವಲ್ಲ ಎಂದು ಮೆಟಿಲ್ಡಾಳಿಗೆ ಗೊತ್ತಾಯಿತು. ಖಾಲಿದಿಯಾದ ಮೇಡಂಗೂ ಶುಗರು ಇಳಿದಾಗ ಹೀಗೇ ಆಗುತ್ತಿತ್ತು.

"ತೆಗೀಬೇಡ," ಅಂದಳು ಲೂರ್ದ್ ಹಿಂದಿನಿಂದ.

"ಮುದುಕಿ ಸಾಯ್ತಾಳೆ ಮಾರಾಯ್ತಿ. ಚೈನ್ ಹಾಕಿಯೇ ಉಂಟು."

ಮೆಟಿಲ್ಡಾ ಅಡುಗೆಮನೆಗೆ ಹೋಗಿ, ಊರಿನಲ್ಲಿ ಅವಳ ತಾಯಿ ಮಾಡುತ್ತಿದ್ದ ಹಾಗೆ, ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡು, ಸ್ಟೀಲಿನ ಚೊಂಬಿನಲ್ಲಿ ನೀರು ತಂದಳು. ಬಾಗಿಲು ಬೆರಳುದ್ದ ತೆರೆದು ಬೆಲ್ಲ ದಾಟಿಸಿದಳು. ಚೊಂಬು ಸಂದಿನಲ್ಲಿ ಹಿಡಿಯಲಿಲ್ಲ. ಗ್ಲಾಸಿನಲ್ಲಿ ತಂದಿದ್ದರೆ ಹಿಡಿಯುತ್ತಿತ್ತು. ಆದರೆ ಮನೆಗೆ ಬಂದವರಿಗೆ ನೀರು ಚೊಂಬಿನಲ್ಲಿ, ಬೆಲ್ಲದ ಜೊತೆ. ಐವತ್ತಾರು ವರ್ಷದಲ್ಲಿ ಅವಳು ಬೇರೆ ರೀತಿ ಕೊಟ್ಟವಳಲ್ಲ. ಕೈ ಯೋಚಿಸಲಿಲ್ಲ. ಚೈನ್ ತೆಗೆಯಿತು.

ಫೈಝಲ್ ಮೆಟ್ಟಿಲ ತಿರುವಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ನಾಲ್ಕು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿ, ಹೆಗಲು ಕೊಟ್ಟು ಬಾಗಿಲಿಗೆ ಬಿದ್ದ. ಮೆಟಿಲ್ಡಾಳ ಬಲಗೈ ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿತು. ಹಸಿ ಕಬ್ಬು ಮುರಿದ ಸದ್ದು. ಆ ಸದ್ದು ತನ್ನ ಕೈಯಿಂದ ಬಂದದ್ದೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವನು ಅವಳನ್ನು ದಾಟಿ ಒಳಗೆ ಹೋಗಿದ್ದ.

ಮೊದಲ ಪ್ಲೈವುಡ್ ಒಂದೇ ಒದೆತಕ್ಕೆ ಬಿತ್ತು. ಎರಡನೆಯದೂ ಬಿತ್ತು. ನೀರಿನ ಸದ್ದು ಕೇಳಿಸಿ ಬಾತ್‌ರೂಮಿಗೆ ನುಗ್ಗಿದ. ಬಾಗಿಲ ಚಿಲಕ ಕಿತ್ತು ಹಾರಿತು. ಸಮೀಹಾಳ ಕಿರುಚಾಟ, ಬಕೆಟ್ ಉರುಳಿದ ಸದ್ದು. ಒದ್ದೆ ಕೂದಲನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು, ನೈಟಿಯಲ್ಲಿದ್ದವಳನ್ನು ನೆಲದ ಮೇಲೆ ಎಳೆದುಕೊಂಡು ಹಾಲಿಗೆ ಬಂದ. ಲವಿಟಾ ಅವನ ಕಾಲಿಗೆ ತೆಕ್ಕೆಹಾಯ್ದು ಬಿದ್ದಳು. ಅವನು ಕೆಳಗೆ ನೋಡದೆಯೇ ಇನ್ನೊಂದು ಕಾಲಿನಿಂದ ಮುಖಕ್ಕೆ ಒದ್ದ. ಅವಳ ಬಾಯಿಂದ ರಕ್ತದ ಜೊತೆ ಹಲ್ಲೊಂದು ಟೈಲ್ಸಿನ ಮೇಲೆ ಬಿದ್ದು ಉರುಳಿತು.

"ನನ್ನ ಮರ್ಯಾದೆ ತೆಗೀತೀಯಾ? ದೇರಾ ಇಡೀ ನಗ್ತಾ ಉಂಟು," ಎನ್ನುತ್ತ ಅವನು ಸಮೀಹಾಳ ತಲೆಯನ್ನು ಗೋಡೆಗೆ ಬಡಿದ. ಒಂದು. ಎರಡು. ಮೂರನೆಯದಕ್ಕೆ ಗೋಡೆಯ ಮೇಲೆ ಕೆಂಪು ಉಳಿಯಿತು.

ಲೂರ್ದ್ ಅಡುಗೆಮನೆಯಿಂದ ಪಾತ್ರೆ ಎತ್ತಿ ತಂದು ಕುದಿಯುವ ಗಂಜಿಯನ್ನು ಅವನ ಬೆನ್ನಿಗೆ ಸುರಿದಳು. ಅವನು ಹಂದಿ ಕೊಯ್ದ ಹಾಗೆ ಕೂಗಿದ. ಕೂದಲು ಬಿಡಲಿಲ್ಲ. ಸುಟ್ಟ ಅಂಗಿ ಬೆನ್ನಿಗೆ ಅಂಟಿಕೊಂಡೇ, ಸಮೀಹಾಳನ್ನು ಎಳೆದುಕೊಂಡು ಅಡುಗೆಮನೆಗೆ ಹೋಗಿ, ಮೀನು ಕೊಯ್ಯಲು ಇಟ್ಟಿದ್ದ ಚೂರಿ ತೆಗೆದು ಅವಳ ಕುತ್ತಿಗೆಗೆ ಹಿಡಿದ.

"ಯಾರೂ ಹತ್ತಿರ ಬರಬೇಡಿ. ನಾವು ಹೋಗ್ತೇವೆ. ಅಷ್ಟೇ. ಹೋಗ್ತೇವೆ."

ಹೊರಗೆ ಹಲೀಮ, ಬೆಲ್ಲದ ತುಂಡು ಇನ್ನೂ ಕೈಯಲ್ಲೇ ಹಿಡಿದು, ಕೂಗುತ್ತಿದ್ದಳು. "ಮಾತಾಡ್ತೇನೆ ಅಂದಿದ್ದೆಯಲ್ಲ ಮೋನೆ! ಮಾತಾಡ್ಲಿಕ್ಕೆ ಅಂತ ತಾನೇ ನನ್ನನ್ನು ಕರ್ಕೊಂಡು ಬಂದದ್ದು!"

ಮೆಟಿಲ್ಡಾ ಬಾಗಿಲಲ್ಲೇ ಕುಸಿದಿದ್ದಳು. ಬಲಗೈ ತನ್ನದಲ್ಲದ ಹಾಗೆ ಜೋತಾಡುತ್ತಿತ್ತು. ಎಡಗೈಯಿಂದ ಪೂಜೆಗೆ ಉಟ್ಟಿದ್ದ ಸೀರೆಯ ಸೊಂಟದಲ್ಲಿದ್ದ ಫೋನು ತೆಗೆದಳು. ಲೂರ್ದ್ ಅದನ್ನು ನೋಡಿದಳು.

"ಬೇಡ ಮೆಟಿಲ್ಡಾ," ಅಂದಳು, ಬೇಡಿಕೊಳ್ಳುವ ಧ್ವನಿಯಲ್ಲಿ. ಅಷ್ಟು ಗಟ್ಟಿ ಹೆಂಗಸು ಹಾಗೆ ಬೇಡಿದ್ದನ್ನು ಮೆಟಿಲ್ಡಾ ನೋಡಿದ್ದು ಅದೇ ಮೊದಲು. "ಅವನು ಹೋಗ್ಲಿ. ಹೊರಗೆ ಹೋಗಿ ಎಂತ ಬೇಕಾದ್ರೂ ಮಾಡಿಕೊಳ್ಳಲಿ. ನಾವು ಎಂಟು ಜನ. ಊರಲ್ಲಿ ನನ್ನ ಮಗಳ ಪರೀಕ್ಷೆ ಉಂಟು ಮಾರಾಯ್ತಿ."

ಲೂರ್ದ್ ಕೆಟ್ಟವಳಲ್ಲ. ಮೆಟಿಲ್ಡಾಳಿಗೂ ಆ ಒಂದು ಗಳಿಗೆ ಅದೇ ಅನ್ನಿಸಿತು. ಪಕ್ಕಕ್ಕೆ ಸರಿದರೆ ಸಾಕಿತ್ತು. ಅವನು ಅವಳನ್ನು ಎಳೆದುಕೊಂಡು ಇಳಿಯುತ್ತಾನೆ, ಇವರು ನೆಲ ತೊಳೆಯುತ್ತಾರೆ, ಪ್ಲೈವುಡ್ಡಿಗೆ ಮೊಳೆ ಹೊಡೆಯುತ್ತಾರೆ, ಐದು ಜನ ಡ್ಯೂಟಿಯಿಂದ ಬಂದು ಊಟ ಮಾಡುತ್ತಾರೆ. ಆ ದೊಡ್ಡ ಮಾದ್ರಿಯೂ ಹೀಗೇ, ಒಳಗಿದ್ದವರನ್ನು ಒಬ್ಬೊಬ್ಬರಾಗಿ ನೆನೆದುಕೊಂಡಿರಬೇಕು. ಅವಳ ಮೇಲೆ ಮೆಟಿಲ್ಡಾಳಿಗೆ ಕೋಪ ಬರಲಿಲ್ಲ. ಆದರೆ ಸಮೀಹಾ ಇವಳನ್ನೇ ನೋಡುತ್ತಿದ್ದಳು. ಬಿಡಿಸಿ ಎಂದು ಕೇಳುವ ನೋಟವಲ್ಲ ಅದು. ಹೋಗಿಬರುತ್ತೇನೆ ಎನ್ನುವ ನೋಟ. ಅದನ್ನು ಮೆಟಿಲ್ಡಾಳಿಗೆ ತಡೆಯಲಾಗಲಿಲ್ಲ.

ಅವಳು ಕಾಲಿನಿಂದ ಬಾಗಿಲನ್ನು ದೂಡಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕೂತಳು. ಎಡಹೆಬ್ಬೆರಳಿನಿಂದ ಮೂರು ಸಲ ಒಂಬತ್ತು ಒತ್ತಿದಳು.

"ಎದ್ದೇಳು ಮುದುಕಿ!" ಫೈಝಲ್ ಸಮೀಹಾಳನ್ನು ಎಳೆದುಕೊಂಡೇ ಬಾಗಿಲಿಗೆ ಬಂದು ಮೆಟಿಲ್ಡಾಳ ಪಕ್ಕೆಗೆ ಒದ್ದ.

"ಸಿಕ್ಕೀನ್," ಎಂದಳು ಮೆಟಿಲ್ಡಾ ಫೋನಿಗೆ. ಚೂರಿಗೆ ಅರಬಿಯಲ್ಲಿ ಅದೇ ಮಾತು. "ಒಬ್ಬ ಗಂಡಸು. ಹೆಂಗಸಿನ ಕುತ್ತಿಗೆಗೆ ಹಿಡಿದಿದ್ದಾನೆ." ಬಿಲ್ಡಿಂಗ್ ಹೆಸರು ಹೇಳಿದಳು. ಇನ್ನೊಂದು ಒದೆತ ಬಿತ್ತು, ಉಸಿರು ನಿಂತಿತು, ಮತ್ತೆ ಬಂತು. "ಏಳನೇ ಮಾಳಿಗೆ. ಏಳುನೂರ ಮೂರು." ಆ ಕಡೆಯವನು ಒಳಗೆ ಎಷ್ಟು ಜನ ಎಂದು ಕೇಳಿದ. ಇಷ್ಟು ವರ್ಷ ಆ ಪ್ರಶ್ನೆಗೆ ಅವಳು ಎಲ್ಲರಿಗೂ ಮೂರು ಎಂದೇ ಹೇಳಿದ್ದಳು. "ಈಗ ನಾಲ್ಕು ಹೆಂಗಸರು. ಈ ಮನೆಯಲ್ಲಿ ಇರುವವರು ಎಂಟು. ಬೇಗ ಬನ್ನಿ."

ಲೂರ್ದ್ ಅದನ್ನು ಕೇಳಿದಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. "ಖಲಾಸ್," ಎಂದಳು. "ಎಲ್ಲ ಹೇಳಿಯಾಯ್ತಲ್ಲ. ಇನ್ನು ಹೆದರುದು ಯಾರಿಗೆ?" ಒಲೆಯ ಪಕ್ಕದ ಕಬ್ಬಿಣದ ಕಾವಲಿ ಎತ್ತಿ, ಹದಿನೆಂಟು ವರ್ಷ ಇಸ್ತ್ರಿ ಎತ್ತಿದ ತೋಳಿನಿಂದ ಚೂರಿ ಹಿಡಿದ ಮಣಿಕಟ್ಟಿಗೆ ಬೀಸಿದಳು. ಚೂರಿ ಜಾರುವಾಗ ಸಮೀಹಾಳ ಹೆಗಲಿನಿಂದ ಎದೆಯವರೆಗೆ ಗೀರಿತು. ಅವನು ಬಾಗಿದ. ಎರಡನೆಯ ಏಟು ಕಿವಿಯ ಮೇಲೆ. ಬಿದ್ದವನ ಸುಟ್ಟ ಬೆನ್ನಿನ ಮೇಲೆಯೇ ಲೂರ್ದ್ ಧೊಪ್ಪನೆ ಕೂತಳು. ಲವಿಟಾ ರಕ್ತ ಉಗುಳುತ್ತ ಅವನ ಎರಡು ಕಾಲನ್ನೂ ಅಪ್ಪಿ ಹಿಡಿದಳು. ಸಮೀಹಾ ಗೋಡೆಗೆ ಒರಗಿ ನಿಂತವಳು, ಇದ್ದಕ್ಕಿದ್ದ ಹಾಗೆ ಬಂದು ಅವನ ಮುಖಕ್ಕೆ ಒದೆಯತೊಡಗಿದಳು, ಒಂದು ಮಾತೂ ಆಡದೆ, ಬರಿಗಾಲಿನಲ್ಲಿ, ಮತ್ತೆ ಮತ್ತೆ.

"ಸಾಕು," ಅಂದಳು ಮೆಟಿಲ್ಡಾ. "ಸಾಕು ಮಗಾ. ನಿನ್ನ ಕಾಲಿಗೆ ನೋವಾಗ್ತದೆ."

ಪೊಲೀಸರು ಬರಲು ಹತ್ತು ನಿಮಿಷವೂ ಆಗಲಿಲ್ಲ. ಮೊದಲು ಒಳಗೆ ಬಂದದ್ದು ಒಬ್ಬಳು ಹೆಂಗಸು ಪೊಲೀಸ್. ಅವಳು ಮಂಚ ಎಣಿಸಲಿಲ್ಲ. ಬಿದ್ದಿದ್ದ ಚಾದರ ಎತ್ತಿ ಸಮೀಹಾಳ ಮೈಗೆ ಸುತ್ತಿದಳು. ಮಂಚ ಎಣಿಸಿದ್ದು ಅವಳ ಹಿಂದೆ ಬಂದವನು, ಎಲ್ಲ ಮುಗಿದ ಮೇಲೆ, ಮುರಿದ ಪ್ಲೈವುಡ್ಡಿನ ಫೋಟೋ ತೆಗೆದುಕೊಂಡು.

ಫೈಝಲನಿಗೆ ಕೋಳ ಹಾಕಿ ಒಯ್ದರು. ಆಸ್ಪತ್ರೆಯಲ್ಲಿ ಮೆಟಿಲ್ಡಾಳ ಕೈಗೆ ಪ್ಲೇಟ್ ಹಾಕಿದರು. ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಸಮೀಹಾಳಿಗೆ ತಲೆಯಲ್ಲಿ, ಎದೆಯಲ್ಲಿ ಹೊಲಿಗೆ. ಅವಳನ್ನು ಹೆಂಗಸರ ಆಶ್ರಯಮನೆಗೆ ಕಳಿಸಿದರು. ಫ್ಲ್ಯಾಟಿನ ಮಾಲೀಕ ಮಂಗಳವಾರ ಸಂಜೆಯೊಳಗೆ ಖಾಲಿ ಮಾಡಿ ಎಂದ. ಡ್ಯೂಟಿಯಲ್ಲಿದ್ದ ಐವರು ಬಂದು ಮುರಿದ ಮನೆ ನೋಡಿ, ತಮ್ಮ ಪೆಟ್ಟಿಗೆ ಕಟ್ಟುವಾಗ ಮೆಟಿಲ್ಡಾಳ ಜೊತೆ ಮಾತಾಡಲಿಲ್ಲ. ಲವಿಟಾ ಮಾತ್ರ ಊದಿದ ತುಟಿಯಲ್ಲೇ ಹೇಳಿದಳು.

"ಬಾಗಿಲು ತೆಗೆದದ್ದು ನೀವು, ಮಾವ್ಶಿ."

"ಹೌದು. ನಾನೇ."

ಬಾಗಿಲ ಸಂದಿನಲ್ಲಿ ಹಿಡಿಯುವ ಗ್ಲಾಸು ಅಡುಗೆಮನೆಯಲ್ಲಿ ಹತ್ತಾರು ಇದ್ದವು.

ಮಂಗಳವಾರ ಬೆಳಿಗ್ಗೆ ಹೇಳಿಕೆಗೆ ಎಲ್ಲರನ್ನೂ ಪೊಲೀಸ್ ಆಫೀಸಿಗೆ ಕರೆದರು. ಮೆಟಿಲ್ಡಾ ಖಾಲಿದಿಯಾಕ್ಕೆ ಫೋನು ಮಾಡಿ ರಜೆ ಕೇಳಿದಾಗ ಮೇಡಂ ವಿಷಯವೆಲ್ಲ ಕೇಳಿ, ಇದನ್ನು ರೆಕಾರ್ಡ್ ಮಾಡಬಹುದೇ ಎಂದಳು. "ಬೇಡ ಮೇಡಂ," ಎಂದಳು ಮೆಟಿಲ್ಡಾ. "ಇದು ಇನ್ನೂ ನಡೀತಾ ಉಂಟು."

ಆಫೀಸಿನ ಕಾರಿಡಾರಿನಲ್ಲಿ ಹಲೀಮ ಕಾದು ಕೂತಿದ್ದಳು. ಎರಡು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ಎದ್ದು ಬಂದು ಮೆಟಿಲ್ಡಾಳ ಎಡಗೈ ಹಿಡಿದಳು. "ಬಾಯಮ್ಮ, ನಾನು ಮಾಡಿದ್ದು ತಪ್ಪು. ಅವನು ಹೊಡೆಯುದಿಲ್ಲ ಅಂತ ಕುರ್‌ಆನ್ ಮೇಲೆ ಆಣೆ ಹಾಕಿದ್ದ. ಇರುವುದು ಒಬ್ಬನೇ ಮಗ. ಸಮೀಹಾ ರಾಜಿ ಅಂದ್ರೆ ಅವನನ್ನು ಬಿಡ್ತಾರಂತೆ. ನೀನು ಹೇಳಿದ್ರೆ ಕೇಳ್ತಾಳೆ." ಧ್ವನಿ ಇಳಿಸಿದಳು. "ನನ್ನ ತಮ್ಮನಿಗೆ ನಿಮ್ಮ ಬಿಲ್ಡಿಂಗಿನವರ ಪರಿಚಯ ಉಂಟು. ಮಾತಾಡಿದ್ದಾನೆ. ನಿಮ್ಮನ್ನು ಯಾರೂ ಎಬ್ಬಿಸುದಿಲ್ಲ. ಎಂಟು ಜನರೂ ಅಲ್ಲೇ ಇರಬಹುದು."

ಲೂರ್ದ್ ಆ ಮಾತು ಕೇಳಿ ತಲೆ ಎತ್ತಿದಳು. ಅಷ್ಟರಲ್ಲಿ ಆಶ್ರಯಮನೆಯ ಹೆಂಗಸಿನ ಜೊತೆ ಸಮೀಹಾ ಬಂದಳು. ತಲೆಗೆ ಪಟ್ಟಿ, ಮುಖದ ಒಂದು ಕಡೆ ನೇರಳೆ ಬಣ್ಣ. ಹಲೀಮಳ ಮಾತು ಅವಳ ಕಿವಿಗೂ ಬಿದ್ದಿತ್ತು.

"ನಾನು ಹೋಗ್ತೇನೆ ಬಾಯಮ್ಮ," ಎಂದಳು. "ನನ್ನೊಬ್ಬಳಿಂದ ಎಂಟು ಜನ ಬೀದಿಗೆ ಬರುದು ಬೇಡ. ರಾಜಿ ಅಂತ ಬರೀತೇನೆ."

ಬೇಡ ಎಂದು ಹೇಳಲು ಮೆಟಿಲ್ಡಾಳಿಗೆ ಅಧಿಕಾರ ಎಲ್ಲಿತ್ತು? ಕಳೆದುಕೊಂಡದ್ದು ಅವಳ ಹಾಸಿಗೆ ಒಂದೇ ಅಲ್ಲವಲ್ಲ. ಅವಳು ಲವಿಟಾಳನ್ನು ನೋಡಿದಳು, ಲೂರ್ದಳನ್ನು ನೋಡಿದಳು.

ಲವಿಟಾ ಎದ್ದು ಬಂದು ಸಮೀಹಾಳ ಮುಂದೆ ನಿಂತು ಬಾಯಿ ತೆರೆದು ತೋರಿಸಿದಳು. ಮುಂದಿನ ಹಲ್ಲಿನ ಜಾಗದಲ್ಲಿ ಕಪ್ಪು ಕಿಂಡಿ. "ಇದು ಕಾಣ್ತದಾ? ನೀನು ವಾಪಸ್ ಹೋಗ್ತೀಯಾ? ಹಾಗಾದ್ರೆ ನನ್ನ ಹಲ್ಲು ಹೋದದ್ದು ಎಂತಕ್ಕೆ? ನನಗೆ ಮುಂದಿನ ತಿಂಗಳು ಹುಡುಗನನ್ನು ನೋಡ್ಲಿಕ್ಕುಂಟು, ಗೊತ್ತಾ? ಕಿಂಡಿ ಬಾಯಲ್ಲಿ ನೋಡಬೇಕು ನಾನು."

"ನನ್ನ ಗಂಜಿ ಕೂಡ ಹೋಯ್ತು," ಅಂದಳು ಲೂರ್ದ್, ಗೋಡೆ ನೋಡುತ್ತ. "ಒಂದು ಸೇರು ಅಕ್ಕಿ." ಆಮೇಲೆ ಹಲೀಮಳ ಕಡೆ ತಿರುಗಿದಳು. "ನಿಮ್ಮ ತಮ್ಮನಿಗೆ ಹೇಳಿ ಮಾಮಿ, ಮನೆ ಬೇಡ. ನಾವು ಮುಸಫಾದಲ್ಲಿ ಬೇರೆ ಮನೆ ನೋಡಿಯಾಯ್ತು."

ಮುಸಫಾದಲ್ಲಿ ಏನೂ ನೋಡಿಯಾಗಿರಲಿಲ್ಲ. ಅದು ಮೆಟಿಲ್ಡಾಳಿಗೆ ಗೊತ್ತಿತ್ತು.

ಸಮೀಹಾ ಅಳುತ್ತಾಳೆ ಎಂದುಕೊಂಡರು. ಅಳಲಿಲ್ಲ. ಅತ್ತೆಯ ಮುಂದೆ ಒಂದು ಗಳಿಗೆ ನಿಂತಳು. "ಉಮ್ಮ, ಊರಿಗೆ ಹೋಗಿ. ಮಾತ್ರೆ ತಪ್ಪಿಸಬೇಡಿ," ಎಂದಳು. ಆಮೇಲೆ ಒಳಗೆ ಹೋದಳು. ಬಾಗಿಲು ತೆರೆದೇ ಇದ್ದದ್ದರಿಂದ ಅಧಿಕಾರಿ ಕೇಳಿದ್ದು ಹೊರಗೆ ಕೇಳಿಸಿತು: ಗಂಡನನ್ನು ಕ್ಷಮಿಸಿ ರಾಜಿಗೆ ಒಪ್ಪುತ್ತೀಯಾ ಎಂದು. ಪಕ್ಕದ ದುಭಾಷಿ ಅದನ್ನು ಹಿಂದಿಯಲ್ಲಿ ಇನ್ನೊಮ್ಮೆ ಕೇಳಿದ.

"ಇಲ್ಲ," ಎಂದಳು ಸಮೀಹಾ, ಕನ್ನಡದಲ್ಲೇ. ಯಾರೂ ಅದನ್ನು ಅನುವಾದಿಸಬೇಕಾಗಲಿಲ್ಲ. ಅವಳು ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದಳು, ಮದುವೆಯ ಮೂರನೆಯ ದಿನದಿಂದ. ಅದು ತುಂಬ ಹೊತ್ತು ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಲೂರ್ದ್ ಒಂದಾದ ಮೇಲೊಂದು ಮನೆಯವರಿಗೆ ಫೋನು ಮಾಡುತ್ತ, ಎರಡು ಜನ ಇದ್ದೇವೆ, ಮೂರು ಜನ, ಒಳ್ಳೆ ಹೆಂಗಸರು ಎನ್ನುತ್ತಿದ್ದಳು. ಮೆಟಿಲ್ಡಾ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗಿನ ಧ್ವನಿ ನಡುಗದೆ ಸಾಗುತ್ತಿರುವುದನ್ನು ಕೇಳುತ್ತ ಕೂತಳು.